ವಾರಕ್ಕೊಮ್ಮೆಯ ಮಾತ್ರೆ

ಉಡುಪಿ ಬೇರೆ ಜಿಲ್ಲೆಯಾದ ವರ್ಷವೇ ನಾನು ಕುಂದಾಪುರದಲ್ಲಿ ಕ್ಲಿನಿಕ್ ತೆರೆದೆ. ಎಂ.ಡಿ. ಓದುವಾಗ ಕೀಲುಗಳ ಕಾಯಿಲೆ ನೋಡುವ ವಿಭಾಗದಲ್ಲಿ ಹೆಚ್ಚು ಕಾಲ ಕಳೆದಿದ್ದೆ, ಆ ಕೆಲಸ ನನಗೆ ಹಿಡಿಸಿತ್ತು. ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿ, ಒಂದು ಕಟ್ಟಡದ ಮಹಡಿಯ ಮೇಲೆ ಕೋಣೆ ಸಿಕ್ಕಿತು. ಮೊಣಕಾಲು ನೋವಿನವರಿಗೆ ಮೆಟ್ಟಿಲು ಹತ್ತಿಸುವ ಡಾಕ್ಟರು ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಮರುವರ್ಷ ಕೆಳಗಿನ ಅಂಗಡಿ ಖಾಲಿಯಾದಾಗ ಕ್ಲಿನಿಕ್ಕನ್ನು ಕೆಳಕ್ಕೆ ತಂದೆ. ಮೇಲಿನ ಕೋಣೆಯನ್ನು ಬಿಡಲಿಲ್ಲ, ಯಾವುದಕ್ಕಾದರೂ ಬೇಕಾದೀತು ಎಂದು ಇಟ್ಟುಕೊಂಡೆ.

ರೋಗಿಗಳು ಎಲ್ಲ ಕಡೆಯಿಂದ ಬರುತ್ತಿದ್ದರು. ಉತ್ತರಕ್ಕೆ ಬೈಂದೂರು, ದಕ್ಷಿಣಕ್ಕೆ ಬ್ರಹ್ಮಾವರ, ಒಳಗಿನಿಂದ ಸಿದ್ದಾಪುರ, ಶಂಕರನಾರಾಯಣ. ಹೆಚ್ಚಿನವರು ಹೆಂಗಸರು. ಅವರು ಬಾಗಿಲಲ್ಲಿ ಚಪ್ಪಲಿ ಕಳಚುವ ರೀತಿಯಿಂದಲೇ ಕಾಯಿಲೆ ಎಷ್ಟು ಹಳೆಯದೆಂದು ನನಗೆ ಅಂದಾಜಾಗುತ್ತಿತ್ತು. ಕೈ ಚಾಚಿದರೆ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿರುತ್ತಿದ್ದವು. ರುಮಟಾಯ್ಡ್ ಎಂಬ ಆ ಸಂಧಿವಾತವನ್ನು ಮೊದಲ ಕೆಲವು ತಿಂಗಳಲ್ಲಿ ಹಿಡಿದು ಸರಿಯಾದ ಮಾತ್ರೆ ಕೊಟ್ಟರೆ ಕೈ ಉಳಿಯುತ್ತದೆ. ವರ್ಷಗಳು ಕಳೆದು ಬಂದವರಿಗೆ ನೋವು ಕಡಿಮೆ ಮಾಡಬಹುದು, ವಾಲಿದ ಬೆರಳನ್ನು ಮಾತ್ರೆಯಿಂದ ನೆಟ್ಟಗೆ ಮಾಡಲಾಗದು.

ಬೈಂದೂರು ಕಡೆಯ ಒಬ್ಬಾಕೆ ಹಾಗೆಯೇ ಬಂದಿದ್ದಳು. ದೋಣಿ ಬರುವ ಹೊತ್ತಿಗೆ ದಡಕ್ಕೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಮಾರುವವಳು. ಮುಖ ದುಂಡಗೆ ಊದಿತ್ತು. ತೋಳಿನ ಚರ್ಮ ಕಾಗದದಷ್ಟು ತೆಳ್ಳಗಾಗಿ, ಮುಟ್ಟಿದಲ್ಲೆಲ್ಲ ನೀಲಿ ಕಲೆ. ನೋವು ಮರೆಸಲು ವರ್ಷಗಟ್ಟಲೆ ಸ್ಟೀರಾಯ್ಡ್ ಚುಚ್ಚಿಸಿಕೊಂಡ ದೇಹ ಅದು. ಬುಟ್ಟಿಯನ್ನು ತಲೆಗೆತ್ತಲು ಈಗ ಆಗುತ್ತಿಲ್ಲ ಎಂದಳು.

“ಇನ್ನೂ ಮೊದ್ಲೇ ಬರ್‍ಕಿತ್” ಎಂದೆ. ತಡವಾಗಿ ಬಂದವರಿಗೆಲ್ಲ ನಾನು ಹೇಳುತ್ತಿದ್ದ ಮಾತು ಅದು.

“ಮೊದ್ಲೇ ಎಲ್ಲಿಗ್ ಬಪ್ಪುದ್ ಅಮ್ಮ?” ಎಂದಳು ಆಕೆ. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. “ಬೆರಳ್ ಊದಿದ್ ವಾರವೇ ಡಾಕ್ಟ್ರ ಹತ್ರ ಹ್ವಾಯ್ದೆ. ಒಬ್ರಲ್ಲ, ಸುಮಾರ್ ಜನ ಡಾಕ್ಟ್ರನ್ನ್ ಕಂಡಾಯ್ತ್. ನಾನ್ ಮನೇಲ್ ಸುಮ್ನೆ ಕೂಕಂಡವ್ಳಲ್ಲ.”

ತಡ ಮಾಡಿದ್ದು ರೋಗಿ ಅಲ್ಲ. ಕಾಯಿಲೆ ಮೊದಲು ಹೋಗಿ ನಿಲ್ಲುವುದು ಹಳ್ಳಿಯ ಡಾಕ್ಟರ ಮುಂದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ. ಅಲ್ಲಿರುವವರಿಗೆ ಅದರ ಗುರುತು ಸಿಗದಿದ್ದರೆ ನಾನು ಕುಂದಾಪುರದಲ್ಲಿ ಕೂತು ಮಾಡುವುದು ಉಳಿದದ್ದನ್ನು ಹೆಕ್ಕುವ ಕೆಲಸ ಮಾತ್ರ. ಮಹಡಿಯ ಕೋಣೆ ಖಾಲಿ ಇತ್ತು. ಅಲ್ಲಿ ಡಾಕ್ಟರುಗಳಿಗೆ ತರಗತಿ ನಡೆಸುವುದೆಂದು ನಿಶ್ಚಯಿಸಿದೆ.

ಮೊದಲ ತರಗತಿಗೆ ಜನ ಚೆನ್ನಾಗಿಯೇ ಸೇರಿದ್ದರು. ಔಷಧಿ ಕಂಪೆನಿಯವರು ಊಟ ಹಾಕಿಸಿದ್ದರು. ಊಟವಾದ ಮೇಲೆ ಕಿಟಕಿ ಮುಚ್ಚಿ, ದೀಪ ಆರಿಸಿ, ಈ ಕಾಯಿಲೆಯ ಗುರುತು ಮತ್ತು ಅದಕ್ಕೆ ಕೊಡುವ ಮಾತ್ರೆಯ ಸ್ಲೈಡು ತೋರಿಸಿದೆ. ಅರ್ಧ ಗಂಟೆಯಲ್ಲಿ ಗೊರಕೆ ಕೇಳಿಸಿತು. ದೀಪ ಹಾಕಿದಾಗ ಒಬ್ಬರು ಮಾತ್ರ ನೆಟ್ಟಗೆ ಕೂತು ನನ್ನನ್ನೇ ನೋಡುತ್ತಿದ್ದರು. ಬೈಂದೂರಿಗಿಂತ ಸ್ವಲ್ಪ ಹಿಂದೆ, ಹೈವೇ ಪಕ್ಕದ ಹಳ್ಳಿಯೊಂದರಲ್ಲಿ ಬಹುಕಾಲದಿಂದ ಕ್ಲಿನಿಕ್ ನಡೆಸುತ್ತಿದ್ದ ಹಿರಿಯ ಡಾಕ್ಟರು. ಬಿಳಿ ಅಂಗಿ, ಕಿಸೆಯಲ್ಲಿ ಕನ್ನಡಕದ ಡಬ್ಬಿ. ನೋವಿಗೆ ಅವರು ಕೊಡುವ ಇಂಜೆಕ್ಷನ್ ಆ ಕಡೆಯಲ್ಲೆಲ್ಲ ಪ್ರಸಿದ್ಧವಾಗಿತ್ತು.

“ಹ್ವಾಯ್ ಡಾಕ್ಟ್ರೆ, ನೀವ್ ಹೇಳಿದ್ ಸರಿ ಇಪ್ಪುಕ್ ಸಾಕ್” ಎಂದರು, ಇರಬಹುದೇನೋ ಎಂಬ ದನಿಯಲ್ಲಿ. “ಆರೆ ಈ ಮಾತ್ರೆ ಕೆಲ್ಸ ಮಾಡುಕೆ ಎರ್ಡ್ ತಿಂಗ್ಳ್ ಬೇಕ್ ಅಂತ್ರಿ. ನನ್ ಹತ್ರ ಬಪ್ಪವ್ರಿಗೆ ನಾಳೆ ಗದ್ದೆಗ್ ಇಳೀಕ್, ನಾಳೆ ಮೀನ್ ಮಾರ್‍ಕ್. ಎರ್ಡ್ ತಿಂಗ್ಳ್ ಕಾಣಿ ಅಂದ್ರೆ ಆಚೆ ಡಾಕ್ಟ್ರ ಹತ್ರ ಹೋತ್ರ್.”

“ಆ ಎರಡು ತಿಂಗಳಿಗೆ ಮಾತ್ರ ಸ್ವಲ್ಪ ಸ್ಟೀರಾಯ್ಡ್ ಕೊಡಬಹುದು, ಆಮೇಲೆ ಇಳಿಸುತ್ತಾ ಬರಬೇಕು” ಎಂದೆ.

“ಇಳ್ಸುದ್ ಯಾರ್? ಒಮ್ಮೆ ನೋವು ಹೋದ್ರೆ ಅವ್ರ್ ಮತ್ ನನ್ ಮುಖ ಕಾಂಬುದಿಲ್ಲೆ.”

ಮರುತಿಂಗಳು ಊಟವಿರಲಿಲ್ಲ, ಬಂದವರು ಬೆರಳೆಣಿಕೆಯಷ್ಟು. ಆ ಹಿರಿಯರು ಬಂದಿದ್ದರು.

ಸ್ಲೈಡುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಕೀಲು ನೋಡಿ ಕಲಿಯುವಂಥದ್ದಲ್ಲ, ಮುಟ್ಟಿ ಕಲಿಯಬೇಕು. ಮೀನು ಮಾರುವಾಕೆಯನ್ನು ಕೇಳಿದೆ. ತಿಂಗಳಿಗೊಮ್ಮೆ ಹೇಗೂ ಬರುತ್ತೀಯಲ್ಲ, ಅದೇ ದಿನ ಮೇಲೆ ಬಂದು ಕುರ್ಚಿಯಲ್ಲಿ ಕೂತರೆ ಡಾಕ್ಟರುಗಳು ನಿನ್ನ ಕೈ ನೋಡಿ ಕಲಿಯುತ್ತಾರೆ ಎಂದೆ. “ಕಂಡ್ಕಳ್ಳಿ, ನಂಗೆಂತ ಖರ್ಚಾತ್ತ್” ಎಂದು ನಕ್ಕಳು. ಜೊತೆಗೆ ಈಚೆಗಷ್ಟೇ ಕೈ ಊದಿಕೊಂಡಿದ್ದ ಬ್ರಹ್ಮಾವರದ ಶಾಲಾ ಟೀಚರೊಬ್ಬರೂ ಒಪ್ಪಿದರು. ಒಂದು ಹಳೆಯ ಕೈ, ಒಂದು ಹೊಸ ಕೈ.

ಬೆರಳುಗಳ ಬುಡದ ಗಂಟುಸಾಲನ್ನು ಕೈಕುಲುಕುವಾಗಿನಂತೆ ಎರಡೂ ಕಡೆಯಿಂದ ಮೆಲ್ಲಗೆ ಒತ್ತಬೇಕು. ರೋಗಿಯ ಮುಖ ಕಿವುಚಿಕೊಂಡರೆ ನೆನಪಿಡಬೇಕು. ಬೆಳಿಗ್ಗೆ ಎದ್ದಾಗ ಕೈ ಮಡಚಲು ಎಷ್ಟು ಹೊತ್ತು ಹಿಡಿಯುತ್ತದೆಂದು ಕೇಳಬೇಕು. ವಯಸ್ಸಾಗಿ ಸವೆದ ಮೊಣಕಾಲು ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ. ಈ ಕಾಯಿಲೆಯ ಕೈ ಮಧ್ಯಾಹ್ನವಾದರೂ ಬಿಗಿದೇ ಇರುತ್ತದೆ. ರಕ್ತಪರೀಕ್ಷೆಗೆ ಮೊದಲು ಇಷ್ಟು ಸಾಕು.

ಎಲ್ಲರೂ ಒಟ್ಟಿಗೆ ಆಕೆಯ ಕುರ್ಚಿಯ ಸುತ್ತ ಮುತ್ತಿಕೊಂಡರು. “ಒಬ್ಬೊಬ್ರೇ ಒತ್ತಿ ಕಾಣಿ, ನಂದೂ ಕೈಯೇ” ಎಂದಳು. ಎಲ್ಲರೂ ನಕ್ಕರು. ಹಿರಿಯ ಡಾಕ್ಟರು ಕೊನೆಯವರಾಗಿ ಎದ್ದು ಬಂದರು. ಆಕೆ ಮುಖವೆತ್ತಿ ನೋಡಿ, ಗುರುತು ಹಿಡಿದು, ಕೈ ಮುಗಿಯಲು ಹೋದಳು. ಆ ಕೈಗಳು ಸರಿಯಾಗಿ ಕೂಡುತ್ತಿರಲಿಲ್ಲ.

“ಇವ್ರೇ ಅಮ್ಮ, ನಂಗ್ ಸೂಜಿ ಹಾಕ್ತಿದ್ದವ್ರ್” ಎಂದು ನನ್ನ ಕಡೆ ತಿರುಗಿದಳು. “ಇವ್ರ್ ಸೂಜಿ ಇದ್ದದಕ್ಕೇ ಅಷ್ಟ್ ವರ್ಷ ಬುಟ್ಟಿ ಹೊತ್ತಿದ್. ಇಲ್ದಿದ್ರೆ ಮಕ್ಳ್ ಉಪಾಸ ಬೀಳ್ತಿದ್ರ್.”

ಆಕೆ ಹೇಳಿದ್ದು ಆಕೆಯ ಮಟ್ಟಿಗೆ ನಿಜವೇ. ಹಿರಿಯರು ಬಗ್ಗಿ ಆಕೆಯ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಒತ್ತದೆಯೇ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ಟೀಚರ ಕೈಯನ್ನು ಒತ್ತಿ ನೋಡಿದರು. ಎರಡು ಮೂರು ಸಲ, ಬೇರೆ ಬೇರೆ ಕಡೆ. ಆ ದಿನ ಏನೂ ವಾದ ಮಾಡದೆ ಹೊರಟುಹೋದರು.

ತರಗತಿ ತಿಂಗಳಿಂದ ತಿಂಗಳಿಗೆ ನಡೆಯಿತು. ನಡೆಯಿತು ಎನ್ನುವುದಕ್ಕಿಂತ ಎಳೆಯಬೇಕಾಯಿತು. ಸರಕಾರಿ ಕೇಂದ್ರಗಳಿಗೆ ಬರುತ್ತಿದ್ದ ಎಳೆಯ ಡಾಕ್ಟರುಗಳು ಹೆಚ್ಚೆಂದರೆ ಒಂದೂವರೆ ವರ್ಷ ಇರುತ್ತಿದ್ದರು. ಕೈ ಒತ್ತುವುದು, ಮಾತ್ರೆ ಬರೆಯುವುದು, ಪ್ರತಿ ತಿಂಗಳು ರಕ್ತ ನೋಡುವುದು, ಇಷ್ಟು ಕೈಗೆ ಹತ್ತುವ ಹೊತ್ತಿಗೆ ಪಿ.ಜಿ. ಸೀಟು ಸಿಕ್ಕಿ ಹೊರಟುಹೋಗುತ್ತಿದ್ದರು. ಬೇಡ ಎನ್ನಲು ನಾನು ಯಾರು? ನಾನೂ ಹಾಗೆಯೇ ಓದಲು ಹೋದವಳು. ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು. ನಾನು ಮತ್ತೆ ಬೆರಳಿನ ಬುಡದಿಂದ ಶುರು ಮಾಡುತ್ತಿದ್ದೆ.

ಸಿದ್ದಾಪುರದ ಕಡೆಗೆ ಬಂದ ಕಲಬುರಗಿಯ ಒಬ್ಬ ಹುಡುಗ ಡಾಕ್ಟರು ಒಳ್ಳೆಯ ಬುದ್ಧಿವಂತ. ಒಮ್ಮೆ ರೋಗಿಯ ಮಾತು ಕೇಳಿ ತಲೆ ಕೆರೆದುಕೊಂಡರು.

“ಮೇಡಂ, ಈ ಅಮ್ಮ ಬೆಳಿಗ್ಗೆ ಮಡ್ಚುಕೆ ಎಡಿತ್ತಿಲ್ಲೆ ಅನ್ನಾಕತ್ಯಾಳ್ರಿ. ನಾ ಎಡಗೈ ಅಂತ ತಿಳ್ಕೊಂಡು ಎಡಗೈ ಎಕ್ಸ್‌ರೇ ಬರದ್ಬಿಟ್ಟೆ.”

ಎಡಿತ್ತಿಲ್ಲೆ ಅಂದರೆ ಆಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅಂದಿನಿಂದ ಹೊಸದಾಗಿ ಬಂದವರಿಗೆ ಮೊದಲು ಕುಂದಾಪ್ರ ಕನ್ನಡದ ಹತ್ತಾರು ಮಾತು ಕಲಿಸಿ ಆಮೇಲೆ ಕೀಲು ಕಲಿಸುವುದು ರೂಢಿಯಾಯಿತು. ಆ ಹುಡುಗನೂ ಮರುವರ್ಷ ಹೋದ.

ಹಿರಿಯ ಡಾಕ್ಟರು ಮಾತ್ರ ಎಲ್ಲಿಗೂ ಹೋಗುವವರಲ್ಲ. ತರಗತಿ ತಪ್ಪಿಸಲಿಲ್ಲ, ನನ್ನ ಮಾತನ್ನು ಒಪ್ಪಿದ್ದೇನೆ ಎಂದೂ ಹೇಳಲಿಲ್ಲ. ಒಂದು ದಿನ ಮಧ್ಯಾಹ್ನ ಕ್ಲಿನಿಕ್ ಮುಂದೆ ಅವರ ಕಾರು ನಿಂತಿತು. ಹಿಂದಿನ ಸೀಟಿನಿಂದ ಎಳೆಯ ಹೆಂಗಸೊಬ್ಬಳು ಇಳಿದಳು. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಗಂಡ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಇವಳು ಅತ್ತೆಯ ಜೊತೆ ಊರಿನಲ್ಲಿದ್ದು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಈಗ ಕತ್ತರಿ ಹಿಡಿಯಲಾಗುತ್ತಿರಲಿಲ್ಲ.

“ಒತ್ತಿ ಕಂಡೆ” ಎಂದರು ಹಿರಿಯರು. “ಮುಖ ಹಿಂಡ್ಕಂಡ್ಲ್. ಎರ್ಡ್ ತಿಂಗ್ಳಿಂದ ಅಂಬ್ರ್. ಸೂಜಿ ಹಾಕ್ಲಿಲ್ಲೆ. ನೀವ್ ಕಂಡ್ ಹೇಳಿ, ನಾನ್ ಹೇಳಿದ್ದ್ ಸರಿಯಾ ಅಂತ.”

ಅವರು ಹೇಳಿದ್ದು ಸರಿಯಾಗಿತ್ತು. ಕೀಲು ಊದಿತ್ತು, ಆದರೆ ಮೂಳೆ ಇನ್ನೂ ಕೆಟ್ಟಿರಲಿಲ್ಲ. ಕ್ಲಿನಿಕ್ ತೆರೆದು ಅಷ್ಟು ವರ್ಷಗಳಲ್ಲಿ ಹಳ್ಳಿಯ ಡಾಕ್ಟರೊಬ್ಬರು ಸಕಾಲದಲ್ಲಿ ಹಿಡಿದು ತಂದ ಮೊದಲ ಕೈ ಅದು. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಶುರು ಮಾಡಿದೆವು. ಅದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ವಾರಕ್ಕೊಮ್ಮೆ ತಿಂದರೆ ಔಷಧಿ, ದಿನಾ ತಿಂದರೆ ವಿಷ. ಈ ಮಾತನ್ನು ಇಬ್ಬರೂ ಅವಳಿಗೆ ಹೇಳಿದೆವು. ಮಾತ್ರೆ ತಿನ್ನುವಷ್ಟು ಕಾಲ ಬಸಿರಾಗಬಾರದು ಎಂದೂ ಹೇಳಿದೆವು. ಪ್ರತಿ ತಿಂಗಳು ರಕ್ತ ನೋಡುವ ಜವಾಬ್ದಾರಿಯನ್ನು ಹಿರಿಯರು ತಾವೇ ವಹಿಸಿಕೊಂಡರು.

ಮಳೆ ಮುಗಿಯುವ ಹೊತ್ತಿಗೆ ಅವಳು ಮತ್ತೆ ಮೆಷಿನ್ನಿನ ಮುಂದೆ ಕೂತಳು. ನನ್ನ ಅಳತೆ ತೆಗೆದು ರವಿಕೆಯೊಂದನ್ನು ಹೊಲಿದುಕೊಟ್ಟಳು. ತೋಳು ಸ್ವಲ್ಪ ಬಿಗಿ, ಆದರೂ ಬಹಳ ಕಾಲ ಹಾಕಿಕೊಂಡೆ. ಹಿರಿಯರು ಆಮೇಲೆ ಒಬ್ಬೊಬ್ಬರನ್ನೇ ಕಳಿಸತೊಡಗಿದರು. ಅವರ ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಕಡಿಮೆಯಾಯಿತೆಂದು ಔಷಧಿ ಕಂಪೆನಿಯ ಹುಡುಗರೇ ಗೊಣಗುತ್ತಾ ಹೇಳಿದರು. ಇಷ್ಟು ಎಳೆದದ್ದಕ್ಕೆ ಏನೋ ಒಂದು ಆಯಿತು ಎಂದು ನನಗೆ ಅನ್ನಿಸಿದ ಕಾಲ ಅದು.

ಆಮೇಲೆ ಚಿಕುನ್‌ಗುನ್ಯ ಬಂತು. ಕರಾವಳಿಯಲ್ಲಿ ಆ ವರ್ಷ ಜ್ವರ ಬಾರದ ಮನೆಯೇ ಇರಲಿಲ್ಲ. ಜನ ಗೋಡೆ ಹಿಡಿದುಕೊಂಡು ನಡೆದರು, ಬಸ್ಸಿನ ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ಎತ್ತಿದರು. ಜ್ವರ ಬಿಟ್ಟ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಯಾವುದು ಜ್ವರದ ನೋವು, ಯಾವುದು ಸಂಧಿವಾತ ಎಂದು ತಿಳಿಯದೆ ಡಾಕ್ಟರುಗಳು ಕಂಗಾಲಾದರು. ನನ್ನ ಮಹಡಿಯ ಕೋಣೆಯಲ್ಲಿ ಮೊದಲ ಸಲ ಕುರ್ಚಿ ಸಾಲಲಿಲ್ಲ, ಕೆಲವರು ಮೆಟ್ಟಿಲ ಮೇಲೆ ನಿಂತು ಕೇಳಿದರು. ನನಗೆ ಮಾತಾಡುವಷ್ಟು ಉಸಿರಿರಲಿಲ್ಲ. ಬೆಳಿಗ್ಗೆಯಿಂದ ರೋಗಿಗಳು, ಮನೆಯಲ್ಲಿ ಗಂಡನಿಗೂ ಜ್ವರ, ಮಂಚದ ಅಂಚಿನಲ್ಲಿ ಕೂತೇ ನಾನು ನಿದ್ದೆ ಹೋಗುತ್ತಿದ್ದೆ.

ಆ ಗದ್ದಲದಲ್ಲೇ ಅದು ನಡೆಯಿತು. ರವಿಕೆ ಹೊಲಿಯುವವಳಿಗೂ ಜ್ವರ ಬಂದು ಮಲಗಿದ್ದಳು. ಮನೆಯಲ್ಲಿ ಅವಳ ವಾರದ ಮಾತ್ರೆ ಮುಗಿದಿತ್ತು. ಅತ್ತೆ ಪೇಟೆಗೆ ಹೋಗಿ ಔಷಧಿ ಅಂಗಡಿಯಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿ ಹೊಸದನ್ನು ತಂದರು. ಅಂಗಡಿಯ ಮುಂದೆ ಜನವೋ ಜನ. ಕೌಂಟರಿನಲ್ಲಿ ಇದ್ದವನು ಎಲ್ಲರಿಗೂ ಹೇಳುವಂತೆ ಇವರಿಗೂ “ದಿನಾ ಬೆಳಿಗ್ಗೆ ರಾತ್ರಿ” ಎಂದುಬಿಟ್ಟ. ಸೊಸೆ ಜ್ವರದ ಮಂಪರಿನಲ್ಲಿದ್ದಳು, ಅತ್ತೆ ಕೊಟ್ಟದ್ದನ್ನು ನುಂಗಿದಳು.

ವಾರ ಕಳೆಯುವುದರೊಳಗೆ ಬಾಯಿ ತುಂಬ ಹುಣ್ಣು. ಗಂಜಿಯ ತಿಳಿಯೂ ಇಳಿಯದು. ಹತ್ತಿರದ ಇನ್ನೊಂದು ಕ್ಲಿನಿಕ್ಕಿನಲ್ಲಿ ಇದೂ ಚಿಕುನ್‌ಗುನ್ಯದ್ದೇ ಎಂದರು. ಜ್ವರ ಮತ್ತೆ ಏರಿತು, ವಸಡಿನಲ್ಲಿ ರಕ್ತ ಕಾಣಿಸಿತು. ಆಗ ಅತ್ತೆ ರಿಕ್ಷಾ ಮಾಡಿಸಿಕೊಂಡು ಹಿರಿಯ ಡಾಕ್ಟರ ಬಳಿಗೆ ಬಂದರು. ಅವರು ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದರು. ಜ್ವರದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲವಂತೆ, “ಆ ಮಾತ್ರೆ ಹ್ಯಾಂಗೆ ತಿಂತಿದ್ಲ್?” ಎಂದಷ್ಟೇ ಕೇಳಿದರಂತೆ.

ಹೊರಗೆ ಸಾಲಿನಲ್ಲಿದ್ದ ರೋಗಿಗಳನ್ನೆಲ್ಲ ಬಿಟ್ಟು, ಅವಳನ್ನು ತಮ್ಮ ಕಾರಿನಲ್ಲೇ ಮಲಗಿಸಿ ಹೊರಟರು. ನನಗೆ ಫೋನ್ ಬಂತು. ಕುಂದಾಪುರದ ರಸ್ತೆಬದಿಯಲ್ಲಿ ನಿಂತಿದ್ದು ಹತ್ತಿಕೊಂಡೆ. ಹಿಂದಿನ ಸೀಟಿನಲ್ಲಿ ಅವಳ ತಲೆ ಅತ್ತೆಯ ತೊಡೆಯ ಮೇಲೆ. ದಕ್ಷಿಣಕ್ಕಿರುವ ದೊಡ್ಡ ಆಸ್ಪತ್ರೆಯವರೆಗೆ ಹಿರಿಯರು ಎಲ್ಲೂ ನಿಲ್ಲಿಸದೆ ಕಾರು ಓಡಿಸಿದರು. ಬ್ರಹ್ಮಾವರ ದಾಟುವಾಗ ಅತ್ತೆ ನನ್ನ ಭುಜ ಮುಟ್ಟಿದರು.

“ನಾನೇ ಕೊಟ್ಟದ್ದ್ ಅಮ್ಮ” ಎಂದರು. “ಪಾಪ ಹೆಣ್ಣ್, ಬೇಗ ಗುಣ ಆಯ್ಲಿ ಅಂತ ಒಂದ್ ಹೊತ್ತೂ ತಪ್ಸಲಿಲ್ಲೆ. ನಿದ್ದಿ ಮಾಡಿರೆ ಎಬ್ಸಿ ಕೊಟ್ಟಿದೆ.”

ನಾನು ಅವರ ಕೈ ಹಿಡಿದುಕೊಂಡೆ.

ಆ ಮಾತ್ರೆಯ ವಿಷ ಇಳಿಸುವ ಔಷಧಿಯೊಂದು ಇದೆ. ತಕ್ಷಣ ಕೊಟ್ಟರು. ಆದರೂ ಅವಳು ಬಹಳ ದಿನ ಬೇರೆ ಕೋಣೆಯಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿದವರ ನಡುವೆ ಮಲಗಿದ್ದಳು. ರಕ್ತದ ಕಣಗಳು ನೆಲ ಕಚ್ಚಿದ್ದವು. ಕೂದಲು ದಿಂಬಿನ ಮೇಲೆ ಹಿಡಿಹಿಡಿಯಾಗಿ ಉದುರಿತು. ಗಂಡ ಮುಂಬೈಯಿಂದ ಬಂದು ಆಸ್ಪತ್ರೆಯ ವರಾಂಡದಲ್ಲಿ ದಿನಗಟ್ಟಲೆ ಕೂತ. ಹಿರಿಯರು ಕ್ಲಿನಿಕ್ ಮುಗಿಸಿ ಆಗಾಗ ಬಂದು, ಗಾಜಿನ ಬಾಗಿಲ ಹೊರಗಿನಿಂದ ನೋಡಿ ಹೋಗುತ್ತಿದ್ದರು. ಕೊನೆಗೆ ಕಣಗಳು ಏರತೊಡಗಿದವು. ಬದುಕಿದಳು.

ಅವಳು ಮನೆಗೆ ಹೋದ ದಿನ ಹಿರಿಯರು ನನ್ನ ಕ್ಲಿನಿಕ್ಕಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಇನ್ ನಾನ್ ಆ ಮಾತ್ರೆ ಬರ್ದ್ ಕೊಡುದಿಲ್ಲೆ ಡಾಕ್ಟ್ರೆ. ನಂಗೂ ವಯಸ್ಸಾಯ್ತ್. ನನ್ ಸೂಜಿ ಯಾರನ್ನೂ ಹೀಂಗ್ ಮಲ್ಗಿಸಿರ್ಲಿಲ್ಲೆ.”

“ಸೂಜಿ ನಿಧಾನಕ್ಕೆ ಮಲಗಿಸುತ್ತದೆ ಸಾರ್. ನಿಮಗೆ ಗೊತ್ತಿಲ್ಲದ್ದಲ್ಲ.”

“ಗೊತ್ತಿತ್ತ್. ಆರೆ ನಿಧಾನಕ್ಕೆ ಆದ್ದ್ ಯಾರಿಗೂ ಕಾಂಬುದಿಲ್ಲೆ. ಇದ್ ಊರಿಗೇ ಕಂಡಿತ್.”

ಊರಿಗೇ ಕಂಡಿತ್ತು. ಅಂಗಡಿಯವನ ತಪ್ಪು ಎಂದು ಯಾರೂ ಹೇಳಲಿಲ್ಲ, ಆ ಮಾತ್ರೆ ಅಪಾಯದ್ದು ಎಂದೇ ಸುದ್ದಿ ಹಬ್ಬಿತು. ನನ್ನಲ್ಲಿಗೆ ಬರುತ್ತಿದ್ದವರು ಹೇಳದೆ ಕೇಳದೆ ಮಾತ್ರೆ ಬಿಟ್ಟರು. ಬ್ರಹ್ಮಾವರದ ಟೀಚರೂ ಬಿಟ್ಟು, ಕೈ ಊದಿಸಿಕೊಂಡು, ನಾಚಿಕೆಯಿಂದ ಬೇರೆ ಡಾಕ್ಟರ ಬಳಿ ಹೋದರೆಂದು ಕೇಳಿದೆ. ಜ್ವರದ ಹಾವಳಿ ಇಳಿದ ಮೇಲೆ ತರಗತಿಗೂ ಜನ ಇಳಿದರು. ಒಂದು ತಿಂಗಳು ಮೀನು ಮಾರುವಾಕೆ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತಳು, ನಾನು ಎದುರು ಕೂತೆ, ಡಾಕ್ಟರುಗಳು ಯಾರೂ ಬರಲಿಲ್ಲ. ಇಬ್ಬರೂ ಚಹಾ ತರಿಸಿಕೊಂಡು ಕುಡಿದೆವು. ಮೀನಿಗೆ ಈಗ ರೇಟು ಹೇಗಿದೆ ಎಂದು ಕೇಳಿದೆ. ಈಗ ತನ್ನ ಮಗಳು ಬುಟ್ಟಿ ಹೊರುತ್ತಿದ್ದಾಳೆ ಎಂದಳು. ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಮೇಲಿನ ಕೋಣೆಗೆ ಬೀಗ ಹಾಕಿದೆ. ಸಿಟ್ಟಿರಲಿಲ್ಲ, ಬೇಸರ ಎಂದೂ ಹೇಳಲಾರೆ. ಮೈ ಸೋತಿತ್ತು ಅಷ್ಟೇ. ಹಲವು ತಿಂಗಳು ಆ ಬೀಗ ತೆಗೆಯಲಿಲ್ಲ.

ತೆಗೆಸಿದವಳು ರವಿಕೆ ಹೊಲಿಯುವ ಹುಡುಗಿಯೇ. ಮಾತ್ರೆ ನಿಲ್ಲಿಸಿದ್ದರಿಂದ ಅವಳ ಕೀಲುಗಳು ಮತ್ತೆ ಊದಿಕೊಂಡಿದ್ದವು. ಬೇರೆ ಮಾತ್ರೆಗಳನ್ನು ಕೊಟ್ಟು ನೋಡಿದ್ದೆ, ಸಾಲಲಿಲ್ಲ. ತಲೆಯಲ್ಲಿ ಆಗಷ್ಟೇ ಗಿಡ್ಡ ಕೂದಲು ಬಂದಿತ್ತು. ಅವಳು ನೇರವಾಗಿ ಹಿರಿಯ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಆ ಮೊದಲಿನ ಮಾತ್ರೆಯನ್ನೇ ಕೊಡಿ ಎಂದು ಕೇಳಿದಳಂತೆ. ಅವರು ಆಗುವುದಿಲ್ಲ ಎಂದರು. ಅವಳು ಬೆಂಚಿನಿಂದ ಏಳಲಿಲ್ಲ. ಅವರು ನನಗೆ ಫೋನ್ ಮಾಡಿ, “ಇವ್ಳ್ ಕೂಕಂಡಿದ್ಲ್, ಹೋತಿಲ್ಲೆ, ನೀವೇ ಬಂದ್ ಹೇಳಿ” ಎಂದರು. ಹೋದೆ.

“ನಂಗೆ ಹೆದ್ರಿಕಿ ಇಲ್ಲೆ ಅಂತಲ್ಲ” ಎಂದಳು ನನ್ನನ್ನು ಕಂಡೊಡನೆ. “ಆರೆ ಈ ಕೈ ಹೋದ್ರೆ ಎಂತ ಮಾಡುದ್? ಮಾತ್ರೆ ನಮ್ ಮನೇಲ್ ಇಡುದೇ ಬ್ಯಾಡ. ನಿಮ್ ಹತ್ರವೇ ಇರ್ಲಿ. ನಾನ್ ವಾರಕ್ಕೊಂದ್ಸಲ ಇಲ್ಲಿಗ್ ಬತ್ತೆ, ನಿಮ್ ಎದ್ರಿಗೇ ತಿಂತೆ.”

ಹಿರಿಯರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನನ್ನ ಮುಖ ನೋಡಿದರು. ರಕ್ತ ಸರಿಯಿದ್ದರೆ, ಕಡಿಮೆ ಪ್ರಮಾಣದಿಂದ ಶುರು ಮಾಡಬಹುದು ಎಂದೆ.

“ಯಾವ್ ವಾರ ಬತ್ತೆ?” ಎಂದು ಅವಳನ್ನು ಕೇಳಿದರು.

“ಗುರುವಾರ.”

“ತಪ್ಪಿದ್ರೆ?”

“ತಪ್ಪಿದ್ರೆ ಆ ವಾರ ಮಾತ್ರೆ ಇಲ್ಲೆ. ಕೈ ನೋವು ನಂದೇ ಅಲ್ದಾ.”

ಹೀಗೆ ಗುರುವಾರ ಶುರುವಾಯಿತು. ಮಾತ್ರೆ ಅವರ ಮೇಜಿನ ಡ್ರಾಯರಿನಲ್ಲಿ, ಬೀಗದೊಳಗೆ. ಅವಳು ಬಂದು, ಬಾಯಿ ತೆರೆದು ತೋರಿಸಿ, ಮಾತ್ರೆ ನುಂಗಿ, ಹೂಜಿಯ ನೀರು ಕುಡಿದು ಬಸ್ಸಿಗೆ ಹೋಗುತ್ತಿದ್ದಳು. ಅವಳನ್ನು ನೋಡಿ ಮಾತ್ರೆ ಬಿಟ್ಟವರು ಇಬ್ಬರು ಮೂವರು ಸೇರಿಕೊಂಡರು, ಆಮೇಲೆ ಬೆಂಚು ತುಂಬಿತು. ಹೊಸ ಡಾಕ್ಟರುಗಳನ್ನು ನಾನು ಮಹಡಿಯ ಕೋಣೆಗೆ ಕರೆಯುವ ಬದಲು ಗುರುವಾರ ಅಲ್ಲಿಗೇ ಕಳಿಸತೊಡಗಿದೆ. ಹಿರಿಯರು ಅವರಿಗೆ ಪಾಠ ಮಾಡುತ್ತಿರಲಿಲ್ಲ. “ಒತ್ತಿ ಕಾಣಿ, ಬಾಯಿ ಕಾಣಿ, ರಕ್ತ ಕಾಣಿ” ಎನ್ನುತ್ತಿದ್ದರು, ಅಷ್ಟೇ. ನನ್ನ ಸ್ಲೈಡುಗಳಿಗಿಂತ ಅದು ಹೆಚ್ಚು ತಲೆಗೆ ಹೋಗುತ್ತಿತ್ತು.

ಒಮ್ಮೆ ರವಿಕೆ ಹೊಲಿಯುವವಳ ಗಂಡ ಊರಿಗೆ ಬಂದು ನೆಲೆಸುತ್ತೇನೆಂದಾಗ ಅವಳು ಮಗು ಬೇಕೆಂದಳು. ಹಿರಿಯರು ನನ್ನನ್ನು ಕೇಳಿ, ತಿಂಗಳುಗಳ ಮೊದಲೇ ಮಾತ್ರೆ ನಿಲ್ಲಿಸಿ, ಬಸುರಿಯರಿಗೆ ತೊಂದರೆಯಿಲ್ಲದ ಬೇರೆ ಔಷಧಿಗೆ ಬದಲಿಸಿದರು. ಹೆಣ್ಣು ಮಗುವಾಯಿತು. ಹೆರಿಗೆಯಾದ ಮೇಲೆ ಕೀಲು ಕೆರಳಿತು, ಕೆರಳುತ್ತದೆಂದು ಹೇಳಿಯೇ ಇದ್ದೆವು. ಮಗು ಹಾಲು ಬಿಟ್ಟ ಮೇಲೆ ಅವಳು ಮತ್ತೆ ಗುರುವಾರದ ಬೆಂಚಿಗೆ ಬಂದಳು. ಮಗುವನ್ನು ಅತ್ತೆ ಎತ್ತಿಕೊಂಡು ಹೊರಗೆ ನಿಲ್ಲುತ್ತಿದ್ದರು. ಆ ಘಟನೆಯ ಮೇಲೆ ಅವರು ಡಾಕ್ಟರ ಕ್ಲಿನಿಕ್ಕಿನೊಳಗೆ ಕಾಲಿಟ್ಟದ್ದನ್ನು ನಾನು ನೋಡಲಿಲ್ಲ.

ಹಿರಿಯ ಡಾಕ್ಟರು ತೀರಿಕೊಂಡದ್ದು ಒಂದು ಮಳೆಗಾಲದ ಕೊನೆಗೆ, ಹೃದಯಾಘಾತದಿಂದ. ಹಿಂದಿನ ದಿನದವರೆಗೂ ಕ್ಲಿನಿಕ್ ತೆರೆದಿದ್ದರು. ಅವರ ಮಕ್ಕಳಲ್ಲಿ ಯಾರೂ ಡಾಕ್ಟರಲ್ಲ. ನಾನು ಹೋಗುವಾಗ ಹೆಣ ಎತ್ತಿಯಾಗಿತ್ತು. ಅಂಗಳದಲ್ಲಿ ಅಲ್ಲಲ್ಲಿ ಜನ ನಿಂತಿದ್ದರು. ತೆಂಗಿನ ಮರದ ಬುಡದಲ್ಲಿ ಗುಂಪಾಗಿ ನಿಂತ ಹೆಂಗಸರನ್ನು ದೂರದಿಂದಲೇ ಗುರುತಿಸಿದೆ. ಮೀನು ಮಾರುವಾಕೆ ಮಗಳ ಹೆಗಲು ಹಿಡಿದು ನಿಂತಿದ್ದಳು. ಬಹಳ ಸೊರಗಿದ್ದಳು.

“ಇನ್ ನಾವ್ ಎಲ್ಲಿಗ್ ಹೋಪುದ್ ಅಮ್ಮ?” ಎಂದು ಅವರಲ್ಲೊಬ್ಬಳು ಕೇಳಿದಳು.

ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದೆ. ಅಲ್ಲಿದ್ದ ಡಾಕ್ಟರಮ್ಮ ಗುರುವಾರದ ಬೆಂಚಿನಲ್ಲಿ ಕಲಿತವಳೇ, ಚೆನ್ನಾಗಿ ನೋಡುತ್ತಾಳೆ ಎಂದೆ.

“ಅವ್ರಿಗೆ ಬೆಂಗ್ಳೂರಂಗೆ ಸೀಟ್ ಸಿಕ್ಕಿತ್ ಅಂಬ್ರಪ” ಎಂದಳು ರವಿಕೆ ಹೊಲಿಯುವವಳು. “ದೀಪಾವಳಿಗ್ ಹೋತ್ರಂಬ್ರ್. ಮತ್ತೆ ಬಪ್ಪವ್ರಿಗೆ ಇದೆಲ್ಲ ಗೊತ್ತಿತ್ತಾ?”

“ಗೊತ್ತಿರುವುದಿಲ್ಲ” ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಅವಳು ನನ್ನ ಜೊತೆ ಕಾರಿನವರೆಗೆ ನಡೆದು ಬಂದಳು. ನನ್ನ ಮೊಣಕಾಲೂ ಆ ವೇಳೆಗೆ ಮಾತು ಕೇಳುತ್ತಿರಲಿಲ್ಲ. ಬಾಗಿಲು ಹಿಡಿದು ನಿಧಾನವಾಗಿ ಕೂರುವುದನ್ನು ಅವಳು ನೋಡುತ್ತಿದ್ದಳು.

“ಹೊಸಬ್ರ್ ಬಂದ್ರೆ ನೀವೇ ಕಲ್ಸಿ ಕೊಡಿ ಅಮ್ಮ” ಎಂದಳು. “ನಾವ್ ಬಂದ್ ಕೂಕಂತೆವ್. ನಿಮ್ಗ್ ಅಭ್ಯಾಸ ಇತ್ತಲ್ದಾ.”

ಹೌದು ಎಂದೆ. ದೀಪಾವಳಿ ಕಳೆದು ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರು ಬಂದರು. ಬೀದರಿನ ಹುಡುಗ, ಮೀಸೆ ಆಗಷ್ಟೇ ಮೂಡುತ್ತಿದ್ದಂತೆ ಕಾಣುತ್ತಿದ್ದ. ಮೊದಲ ಗುರುವಾರ ನಾನು ಕುಂದಾಪುರದ ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋದೆ. ಹೆಂಗಸರು ಬಂದು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.